ಎಲ್ಲ ಸುದ್ದಿಗೂ ಒಂದೇ ಮುಖ

ಗದಿಗೆಪ್ಪ ಸುಳ್ಳು ಹೇಳಿ ಸಿಕ್ ಲೀವ್ ಹಾಕುವ ಕೆಲಸಗಾರನೆಂದು ಥಾರ್ನ್‌ಹಿಲ್ ಊರಿನ ಇಂಗ್ಲಿಷ್ ಪತ್ರಿಕೆಯೊಂದು ಜಗತ್ತಿಗೆಲ್ಲ ಸಾರಿದ್ದು, ಅವನು ಸೂಪರ್‌ವೈಸರ್ ಇಂಟರ್‌ವ್ಯೂಗೆ ಹೋಗಬೇಕಿದ್ದ ದಿನವೇ.

ಪತ್ರಿಕೆ ಅವನ ಹೆಸರನ್ನೇನೂ ಬರೆದಿರಲಿಲ್ಲ. ಗೋದಾಮುಗಳಲ್ಲಿ ಕಳ್ಳ ರಜೆ ಹೆಚ್ಚಾಗಿದೆ ಎಂಬ ಸುದ್ದಿಗೆ ತನ್ನ ವೆಬ್‌ಸೈಟಿನಲ್ಲಿ ಅವನ ಫೋಟೋ ಹಾಕಿತ್ತು, ಅಷ್ಟೇ. ಮೇಪಲ್ ಮರದ ಕೆಳಗೆ ಹೊಟ್ಟೆಯ ಮೇಲೆ ಕೈಯಿಟ್ಟು ಅಂಗಾತ ಮಲಗಿದ ಫೋಟೋ. ಎರಡು ವರ್ಷದ ಹಿಂದೆ ಕನ್ನಡ ಸಂಘದ ಪಿಕ್ನಿಕ್ಕಿಗೆ ಬಂದ ಆ ಪತ್ರಿಕೆಯ ಫೋಟೋಗ್ರಾಫರ್ ಪುಕ್ಕಟೆ ತೆಗೆಯುತ್ತೇನೆ ಎಂದಾಗ, "ತಗೀರಿ, ಎಲ್ಲಿ ಬೇಕಾದ್ರೂ ಹಾಕ್ಕೋರಿ" ಎಂದು ಉದಾರವಾಗಿ ಹೇಳಿದವನು ಅವನೇ. ಅಂದಿನಿಂದ ಕಂದುಬಣ್ಣದವರ ಸುದ್ದಿ ಏನೇ ಇರಲಿ, ಪತ್ರಿಕೆಗೆ ಗದಿಗೆಪ್ಪನೇ ಗತಿ. ವಲಸಿಗರಲ್ಲಿ ಸಕ್ಕರೆ ಕಾಯಿಲೆ ಎಂದರೂ ಗದಿಗೆಪ್ಪ, ಒಂದೇ ಬೇಸ್‌ಮೆಂಟಿನಲ್ಲಿ ಹತ್ತು ಜನ ಎಂದರೂ ಗದಿಗೆಪ್ಪ. ಚಳಿಗಾಲದ ಖಿನ್ನತೆಗೂ ಅವನೇ, ಅದೇ ಹಚ್ಚ ಹಸಿರು ಮರದ ಕೆಳಗೆ. ಮೊದಮೊದಲು ಅವನಿಗೆ ಇದು ಹೆಮ್ಮೆಯೇ ಆಗಿತ್ತು. ಹುಬ್ಬಳ್ಳಿಯ ನೆಂಟರಿಗೆಲ್ಲ ಕಳಿಸುತ್ತಿದ್ದ, ಇಂಗ್ಲಿಷ್ ಬಾರದವರನ್ನು ಆರಿಸಿ.

ಇವತ್ತಿನ ಮಾತು ಬೇರೆ. ಬೋಲ್ಟನ್ನಿನ ಗೋದಾಮಿನಲ್ಲಿ ಮೊಣಕಾಲುದ್ದ ಹಿಮ ಬಿದ್ದ ದಿನವೂ ಡ್ಯೂಟಿ ತಪ್ಪಿಸದವನು ಅವನು. ಸೂಪರ್‌ವೈಸರ್ ಆದರೆ ರಾತ್ರಿ ಶಿಫ್ಟು ತಪ್ಪಿ, ಹೆಂಡತಿ ಮಗಳ ಜೊತೆ ಕೂತು ಉಣ್ಣಬಹುದು. ಇಷ್ಟು ವರ್ಷದ ನಿಯತ್ತಿಗೆ ಇದೇ ಬಹುಮಾನವೇ ಎಂದು ಅವನಿಗೆ ಅಳುವೇ ಬಂತು.

"ಅಪ್ಪಾ, ಯೂ ಆರ್ ಫೇಮಸ್ ಅಗೇನ್," ಎಂದಳು ಮಗಳು ಮಾಧುರಿ.

"ಸುಮ್ನಿರವಾ. ಮ್ಯಾನೇಜರ್ ಆನಂದಕುಮಾರ್ ಸರ ನೋಡಿದ್ರ ನನ್ನ ಕಥಿ ಮುಗೀತು."

"ನಾ ಆವತ್ತ ಬಡ್ಕೊಂಡೆ, ಎದ್ದು ಕುಂತು ಫೋಟೋ ತಗಸ್ಕೋರಿ ಅಂತ," ಎಂದಳು ಹೆಂಡತಿ ಸುಶೀಲವ್ವ.

ಅಷ್ಟರಲ್ಲಿ ಪಕ್ಕದ ಮನೆಯ ರಾಮಮೂರ್ತಿ ಬಂದರು. ಬೆಂಗಳೂರಿನವರು, ರಿಟೈರ್ಡ್ ಇಂಜಿನಿಯರ್. ಮಾಧ್ಯಮ ನ್ಯಾಯದ ಬಗ್ಗೆ ಒಂದು ವೆಬಿನಾರ್ ನೋಡಿದಾಗಿನಿಂದ ಅವರು ಅನ್ಯಾಯವೊಂದನ್ನು ಹುಡುಕುತ್ತಲೇ ಇದ್ದರು.

"ಗದಿಗೆಪ್ಪನೋರೇ, ಇದು ನಿಮ್ಮೊಬ್ಬರ ಪ್ರಶ್ನೆ ಅಲ್ಲ, ಇಡೀ ಕಮ್ಯುನಿಟಿದು! ಎಲ್ಲಾ ಗ್ರೂಪಿಗೂ ಲಿಂಕ್ ಹಾಕ್ತೀನಿ."

"ಬ್ಯಾಡ್ರಿ ಸರ! ಇನ್ನೂ ಯಾರೂ ನೋಡಿಲ್ಲ!"

"ಆಗ್ಲೇ ಹಾಕ್ಬಿಟ್ಟೆ ಕಣ್ರೀ."

ನಮ್ಮವನಿಗಾದ ಅವಮಾನ, ಎಲ್ಲರೂ ಶೇರ್ ಮಾಡಿ ಎಂಬ ಒಕ್ಕಣೆಯೊಂದಿಗೆ ಲಿಂಕು ಥಾರ್ನ್‌ಹಿಲ್ಲಿನ ಭಜನಾ ಮಂಡಳಿ, ಯೋಗದ ಗುಂಪು, ಕಾರ್‌ಪೂಲ್ ಗುಂಪುಗಳನ್ನೆಲ್ಲ ಸುತ್ತಿತು. ಜನ್ಮದಲ್ಲಿ ಆ ಪತ್ರಿಕೆ ಓದದವರೂ ಓದಿದರು. ಅರ್ಧಂಬರ್ಧ ಓದಿದ ಕೆಲವರು, "ಹುಷಾರಿಲ್ವಂತೆ, ಟೇಕ್ ಕೇರ್" ಎಂದು ಮೆಸೇಜು ಕಳಿಸಿದರು.

ಗದಿಗೆಪ್ಪ ಪತ್ರಿಕೆಗೇ ಫೋನ್ ಮಾಡಿದ. ಯಂತ್ರದ ದನಿಗಳನ್ನೆಲ್ಲ ದಾಟಿದ ಮೇಲೆ ಕೊನೆಗೊಬ್ಬ ಸಂಪಾದಕಿ ಸಿಕ್ಕಳು. ಬಹಳ ವಿನಯವಂತೆ. ಮನಸಾರೆ ಕ್ಷಮೆ ಕೇಳಿ, ನಿಮ್ಮ ಸಮುದಾಯದ್ದು ಅಂತ ನಮ್ಮ ಹತ್ತಿರ ಇರುವುದೇ ಎರಡು ಫೋಟೋ, ಏನು ಮಾಡೋಣ ಎಂದು ತನ್ನ ಕಷ್ಟ ತೋಡಿಕೊಂಡಳು.

ಹಾಗಾದರೆ ಎರಡನೆಯದನ್ನು ಹಾಕಿ ಎಂದು ಅವನು ಅಂಗಲಾಚಿದ. ಅವಳು ತಕ್ಷಣ ಒಪ್ಪಿದಳು. ಗದಿಗೆಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೋಲ್ಟನ್ನಿಗೆ ಹೊರಟ.

ಆನಂದಕುಮಾರ್ ಮೈಸೂರಿನವರು, ನಗು ಕಡಿಮೆ. ಅವರ ಫೋನು ಟಣ್ ಟಣ್ ಎನ್ನುತ್ತಲೇ ಇತ್ತು.

"ಏನೋ ಲಿಂಕು ಕಣ್ರೀ, ಬೆಳಗ್ಗೆಯಿಂದ ಎಲ್ರೂ ಕಳಿಸ್ತಾ ಇದಾರೆ. ನೋಡೋಕೆ ಟೈಮೇ ಆಗಿಲ್ಲ."

"ಈಗ ನೋಡ್ರಿ ಸರ, ಧೈರ್ಯಲೆ ನೋಡ್ರಿ," ಎಂದ ಗದಿಗೆಪ್ಪ ಗೆಲುವಿನಿಂದ.

ನೋಡಿದವರ ಮುಖ ಸುಣ್ಣದಂತೆ ಬಿಳಿಚಿತು. ಕಳ್ಳ ರಜೆಯ ಸುದ್ದಿಯ ತಲೆಯ ಮೇಲೆ, ಅದೇ ಪಿಕ್ನಿಕ್ಕಿನಲ್ಲಿ, ಹಲ್ಲು ಕಚ್ಚಿ ಹಗ್ಗ ಜಗ್ಗುತ್ತಿದ್ದವರು ಸಾಕ್ಷಾತ್ ಆನಂದಕುಮಾರ್!

"ಅಯ್ಯಯ್ಯೋ ಸರ, ನಿಮ್ಮ ಮ್ಯಾಲೂ ಸುಳ್ಳ ಸುದ್ದಿ ಹಾಕ್ಯಾರಲ್ರಿ!"

"ಸುಳ್ಳಾಗಿದ್ರೆ ಯಾರು ಕೇರ್ ಮಾಡ್ತಿದ್ರು?" ಅವರು ಬಾಗಿಲು ಮುಚ್ಚಿ ಪಿಸುಗುಟ್ಟಿದರು. "ಆ ಪಿಕ್ನಿಕ್ ಇದ್ದ ಶನಿವಾರ ನಾನು ಬೆನ್ನು ನೋವು ಅಂತ ಸಿಕ್ ಲೀವ್ ಹಾಕಿದ್ದೆ ಕಣ್ರೀ!"

ಎರಡು ವರ್ಷದಲ್ಲಿ ಮೊದಲ ಸಲ ಪತ್ರಿಕೆ ಸರಿಯಾದ ಮುಖ ಹಾಕಿತ್ತು. ತಾನೇ ಫೋನ್ ಮಾಡಿದ್ದೆಂದು ಗದಿಗೆಪ್ಪ ತೊದಲುತ್ತ ಒಪ್ಪಿಕೊಂಡ.

"ಹೆಡ್ ಆಫೀಸಿನೋರು ನೋಡೋ ಮುಂಚೆ ನಿಮ್ಮದನ್ನೇ ವಾಪಸ್ ಹಾಕ್ಸಿ ಮಾರಾಯ್ರೇ. ಸೂಪರ್‌ವೈಸರ್ ಪೋಸ್ಟು ನನ್ನ ಕೈಯಲ್ಲೇ ಇದೆ, ನಿಮ್ಮನ್ನ ಬಿಟ್ಟುಕೊಡಲ್ಲ."

ಗದಿಗೆಪ್ಪ ಮತ್ತೆ ಫೋನ್ ಮಾಡಿದ. ಯೋಚಿಸಿ ನೋಡಿದರೆ ನನ್ನ ಫೋಟೋ ಬಹಳ ಚೆನ್ನಾಗಿತ್ತು, ದಯವಿಟ್ಟು ಅದನ್ನೇ ಹಾಕಿ ಎಂದ. ಸಂಪಾದಕಿ ಸಂತೋಷಪಟ್ಟು, ಇನ್ನು ಮುಂದೆಯೂ ಅದನ್ನೇ ಬಳಸಬಹುದೇ ಎಂದು ಕೇಳಿದಳು. ಎದುರಿಗೆ ಆನಂದಕುಮಾರ್ ಕೈ ಮುಗಿದು ನಿಂತಿದ್ದರು. ಗದಿಗೆಪ್ಪ ಹೂಂ ಎಂದ.

ತುಸು ಹೊತ್ತಿನಲ್ಲೇ ಮೇಪಲ್ ಮರದ ಕೆಳಗೆ ಗದಿಗೆಪ್ಪ ಮರಳಿ ಬಂದು ಮಲಗಿದ. ಆನಂದಕುಮಾರ್ ನೀರು ಕುಡಿದು, ಟೈ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಫೋನಿನಲ್ಲಿದ್ದ ಗದಿಗೆಪ್ಪನನ್ನೂ ಎದುರಿಗಿದ್ದ ಗದಿಗೆಪ್ಪನನ್ನೂ ಒಂದೊಂದು ಸಲ ನೋಡಿ ನಿಟ್ಟುಸಿರು ಬಿಟ್ಟರು.

"ನಿಮ್ಮ ಉಪಕಾರ ಮರೆಯಲ್ಲ ಗದಿಗೆಪ್ಪ. ಆದ್ರೆ ನೀವೇ ಹೇಳಿ, ಕಳ್ಳ ರಜೆ ಅಂತ ಪೇಪರಲ್ಲಿ ಬಂದಿರೋರನ್ನ ಸೂಪರ್‌ವೈಸರ್ ಮಾಡಿದ್ರೆ, ಹೆಡ್ ಆಫೀಸಿಗೆ ನಾನು ಏನಂತ ಉತ್ತರ ಕೊಡ್ಲಿ?"