ಕುಸೈಸಿನ ಬಾಲ್ಕನಿಯಲ್ಲಿ ಹಿಮದ ಟೈರು

ಹಿಮ ಬೀಳುವ ದೇಶದಲ್ಲಿದ್ದವರು ಹಿಮದಿಂದ ಪೇಚಿಗೆ ಸಿಕ್ಕುವುದು ಸಹಜ. ದುಬೈನಲ್ಲಿದ್ದುಕೊಂಡು ಹಿಮದಿಂದ ಫಜೀತಿಪಡುವ ಯೋಗ ನಮ್ಮ ಮನೆಗೆ ಮಾತ್ರ. ಅದೂ ಒಂದು ಸಲ ಆಗಿ ಮುಗಿಯಿತು ಅನ್ನುವ ಹಾಗಿಲ್ಲ, ಆಗುತ್ತಲೇ ಇತ್ತು.

ಕಾರಣ ನಮ್ಮ ಯಜಮಾನರು. ಧಾರವಾಡದವರು, ಎಂಜಿನಿಯರು, ಉಳಿದ ಎಲ್ಲ ವಿಷಯದಲ್ಲಿ ತಲೆ ನೆಟ್ಟಗಿದೆ. ಒಂದೇ ಹುಚ್ಚು. "ಊರಿಗೆ ವಾಪಸ್ ಹೋಗೂದ್ರಾಗ ಒಂದ್ಸಲ ಹಿಮದಾಗ ಗಾಡಿ ಹೊಡೀಬೇಕು ನೋಡು" ಎಂದು ಪ್ರತಿ ಚಳಿಗಾಲವೂ ಹೇಳುತ್ತಿದ್ದರು. ಈಗ ಆ ವಾಪಸ್ ಹೋಗುವ ದಿನ ಬಂದಿದೆ. ದುಬೈನ ಅಲ್ ಕುಸೈಸ್ ಬಡಾವಣೆಯ ಈ ಫ್ಲ್ಯಾಟಿನಲ್ಲಿ ರಟ್ಟಿನ ಡಬ್ಬಿಗಳ ನಡುವೆ ಕೂತು ನಾನು ಒಬ್ಬಳೇ ನಗುತ್ತೇನೆ, ನಡುನಡುವೆ ಕಣ್ಣೂ ಒರೆಸಿಕೊಳ್ಳುತ್ತೇನೆ.

ತಂಪು ಟೈರು

ಶುರುವಾದದ್ದು ಶಾರ್ಜಾದ ಹಳೆ ಗಾಡಿಗಳ ಬಾಜಾರದಲ್ಲಿ. ಕೆನಡಾದಿಂದ ಹಡಗಿನಲ್ಲಿ ಬಂದ ದೊಡ್ಡ ಎಸ್‌ಯುವಿ ಒಂದನ್ನು ಇವರು ಮೆಚ್ಚಿಕೊಂಡರು. ಟೈರಿನ ಮೇಲೆ ಹಿಮದ ಹರಳಿನ ಚಿತ್ರ. ಇವು ಚಳಿದೇಶದ ಟೈರು, ಇಲ್ಲಿನ ಬಿಸಿ ರಸ್ತೆಗೆ ಸವೆದುಹೋಗುತ್ತವೆ, ಬದಲಾಯಿಸಿ ಎಂದು ಮಾರುವವನೇ ಹೇಳಿದ. ಇವರು ಕೇಳಬೇಕಲ್ಲ!

"ಹಿಮದ ಟೈರು ಅಂದಮ್ಯಾಲ ತಂಪ ಇರ್ತಾವ. ಈ ಬಿಸಲಿಗೆ ಇವ ಬೇಕು" ಎಂದು ನನಗೆ ತಿಳಿಸಿ ಹೇಳಿದರು. ಮನೆಗೆ ಬಂದವರನ್ನೆಲ್ಲ ಕೆಳಗೆ ಕರೆದೊಯ್ದು ಟೈರು ಮುಟ್ಟಿಸುವುದೂ ಶುರುವಾಯಿತು.

ಪಕ್ಕದ ಫ್ಲ್ಯಾಟಿನಲ್ಲಿ ಮಂಗಳೂರು ಕಡೆಯ ವ್ಯಾಪಾರಿ ಇದ್ದರು, ಇಲ್ಲ ಅನ್ನಲು ಬಾರದ ಸಂಕೋಚದ ಮನುಷ್ಯ. ಆಗಸ್ಟ್ ತಿಂಗಳ ನಡುಮಧ್ಯಾಹ್ನ ಅವರ ಸರದಿ ಬಂತು. "ಪೂರಾ ಕೈ ಇಟ್ಟು ನೋಡ್ರಿ" ಎಂದರು ಇವರು. ಪಾಪ, ಅವರು ಅಂಗೈ ಇಟ್ಟರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು.

"ಹೌದು ಮಾರಾಯ್ರೇ, ಸ್ವಲ್ಪ ತಂಪುಂಟು" ಎಂದರು.

ಮೇಲೆ ಬಂದಾಗ ನಾನು ತಣ್ಣನೆಯ ಮಜ್ಜಿಗೆ ಕೊಟ್ಟೆ. ಅವರು ಕುಡಿಯಲಿಲ್ಲ, ನಾಲ್ಕೂ ಬೆರಳು ಅದರೊಳಗೆ ಅದ್ದಿಕೊಂಡು ಕೂತರು.

ಮೆತ್ತನೆಯ ಸೋಫಾ

ಕೊನೆಗೆ ಹೊಸ ಟೈರು ಹಾಕಿಸಲೇಬೇಕಾಯಿತು. ಆದರೆ ಹಳೆಯವನ್ನು ಬಿಡಲು ಇವರಿಗೆ ಮನಸ್ಸಿಲ್ಲ. "ಯಾವತ್ತರ ಬೇಕಾಗ್ತಾವ" ಎಂದು ನಾಲ್ಕನ್ನೂ ಲಿಫ್ಟಿನಲ್ಲಿ ಮೇಲೆ ತಂದು ಬಾಲ್ಕನಿಯಲ್ಲಿಟ್ಟರು. "ಅಪ್ಪಾ, ದಿಸ್ ಈಸ್ ನಾಟ್ ಅ ಗ್ಯಾರೇಜ್" ಎಂದು ಮಗಳು ತಲೆ ಚಚ್ಚಿಕೊಂಡಳು. ಬಾಲ್ಕನಿಯಲ್ಲಿ ಸಾಮಾನು ಕಂಡರೆ ದಂಡ ಬೀಳುತ್ತದೆಂದು ಕಟ್ಟಡದ ವಾಚ್‌ಮನ್ ಎಚ್ಚರಿಸಿದ. ಸರಿ, ಟೈರುಗಳನ್ನು ಪಡಸಾಲೆಗೆ ತಂದು ಎರಡೆರಡಾಗಿ ಒಂದರ ಮೇಲೊಂದು ಪೇರಿಸಿದೆ. ಮೇಲೆ ನಮ್ಮವ್ವ ಹೊಲಿದ ಕೌದಿ ಹೊದಿಸಿದೆ. ನೋಡಲು ಚೆಂದದ ಎರಡು ಪೀಠ.

ಚೆಂದವಾಗಿದ್ದದ್ದೇ ತಪ್ಪಾಯಿತು. ಹಬ್ಬದ ದಿನ ಬಂದ ಗದಗಿನ ಡಾಕ್ಟರು ಒಬ್ಬರು ಚಹಾದ ಕಪ್ಪು ಹಿಡಿದುಕೊಂಡು, ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ, ಅದರ ಮೇಲೆ ಕೂತೇಬಿಟ್ಟರು. ಕೂತವರು ಕೌದಿ ಸಮೇತ ನಿಧಾನಕ್ಕೆ ಒಳಗಿಳಿದರು. ಹೊರಗೆ ಉಳಿದದ್ದು ತಲೆ, ಎರಡು ಮೊಣಕಾಲು ಮತ್ತು ಎತ್ತಿಹಿಡಿದ ಕಪ್ಪು.

"ಚಹಾ ಚೆಲ್ಲಿಲ್ರೀ ವೈನಿ, ಕಾಳಜಿ ಮಾಡಬ್ಯಾಡ್ರಿ" ಎಂದು ಒಳಗಿನಿಂದಲೇ ಸಮಾಧಾನ ಹೇಳಿದರು.

ಇವರು ಗಾಬರಿಯಿಂದ ಓಡಿ ಬಂದು ಬಗ್ಗಿ ನೋಡಿ ಕೇಳಿದರು: "ಟೈರಿಗೆ ಏನೂ ಆಗಿಲ್ಲಲ್ಲ?"

ಡಬ್ಬಿಯ ಹಿಮ

ಮರುದಿನವೇ ಟೈರುಗಳನ್ನು ಗುಜರಿಗೆ ಕಳಿಸಿದೆ. ಟೈರು ಹೋದರೂ ಹಂಬಲ ಹೋಗಲಿಲ್ಲ.

ಒಂದು ಜನವರಿಯಲ್ಲಿ ಜಬಲ್ ಜೈಸ್ ಬೆಟ್ಟದ ಮೇಲೆ ಹಿಮ ಬಿದ್ದಿದೆಯಂತೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ನಸುಕಿನಲ್ಲೇ ಹೊರಟೆವು. ಅಬುಧಾಬಿಯ ಬನಿಯಾಸಿನಲ್ಲಿದ್ದ ಇವರ ಗೆಳೆಯರೂ ಹೆಂಡತಿ ಮಕ್ಕಳೊಂದಿಗೆ ಬಂದರು. ಸ್ವೆಟರು, ಮಂಕಿ ಟೋಪಿ, ಕೈಗವಸು, ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಇಡೀ ದೇಶವೇ ಆ ಬೆಟ್ಟ ಹತ್ತುತ್ತಿರುವಂತೆ ಗಾಡಿಗಳ ಸಾಲು. ಮೇಲೆ ಹೋದರೆ, ಇಲ್ಲಿನ ಅರಬ್ಬಿಯಲ್ಲಿ ಹೇಳುವ ಹಾಗೆ, ಹಿಮ ಮಾಫಿ, ಇಲ್ಲವೇ ಇಲ್ಲ! ಬರೀ ಕಲ್ಲು ಮತ್ತು ಗಾಳಿ.

ಇವರ ಮುಖ ನೋಡಲಾಗಲಿಲ್ಲ. ಗೆಳೆಯರಿಗೂ ಕರುಳು ಚುರ್ ಅಂದಿರಬೇಕು. ತಂಪು ಪಾನೀಯ ಇಟ್ಟಿದ್ದ ಐಸಿನ ಡಬ್ಬಿ ತಂದು, ಅದರಲ್ಲಿದ್ದ ಐಸ್ ತುಂಡುಗಳನ್ನೆಲ್ಲ ನಮ್ಮ ಗಾಡಿಯ ಮುಂದಿನ ಗಾಲಿಗಳೆದುರು ಸುರಿದರು. "ಯಲ್ಲಾ, ನಡೀರಿ, ಹೊಡೀರಿ!" ಎಂದರು. ಇವರು ಗಂಭೀರವಾಗಿ ಸೀಟ್ ಬೆಲ್ಟ್ ಹಾಕಿಕೊಂಡು ಓಡಿಸಿದರು. ಕರಕರ ಎಂದು ಒಂದೇ ಸದ್ದು.

"ಖಲಾಸ್! ಆತ್ರಿ ನಿಮ್ಮ ಆಸೆ!" ಎಂದರು ಗೆಳೆಯರು.

ಆಸೆ ಆಯಿತೋ ಇಲ್ಲವೋ, ಕುಡಿಯಲು ಇಟ್ಟಿದ್ದ ಜ್ಯೂಸೆಲ್ಲ ಬಿಸಿಯಾಯಿತೆಂದು ಅವರ ಹೆಂಡತಿ ಬನಿಯಾಸ್ ತಲುಪುವವರೆಗೂ ಅವರೊಂದಿಗೆ ಮಾತಾಡಲಿಲ್ಲವಂತೆ. ಎಂಥ ಒಳ್ಳೆಯ ದಿನಗಳು ಅವು, ಎಂಥ ಜನ!

ನಮ್ಮೂರ ಪದ್ಧತಿ

ಈ ವರ್ಷ ಕೆಲಸ ಮುಗಿಯಿತು, ಊರಿಗೆ ಹೊರಡುವುದು ಗಟ್ಟಿಯಾಯಿತು. ಇನ್ನು ತಡಮಾಡಿದರೆ ಇಲ್ಲವೇ ಇಲ್ಲ ಎಂದು ನಾನೇ ಹಟ ಹಿಡಿದು ಇಬ್ಬರೂ ಜಾರ್ಜಿಯಾ ದೇಶಕ್ಕೆ ಹೋದೆವು. ಅಲ್ಲಿ ಎತ್ತ ನೋಡಿದರತ್ತ ಹಿಮ. ಹಿಮದ ಟೈರು ಹಾಕಿದ ಎಸ್‌ಯುವಿ ಬಾಡಿಗೆಗೆ ಹಿಡಿದರು. ಇವರ ಸಂತೋಷ ನೋಡಬೇಕಿತ್ತು, ನಾಲ್ಕೂ ಟೈರು ಮುಟ್ಟಿ ಮುಟ್ಟಿ ನೋಡಿದರು.

ನಾವು ಉಳಿದುಕೊಂಡ ಮನೆಯ ಗೇಟು ದಾಟಿದೆವೋ ಇಲ್ಲವೋ, ಗಾಡಿ ಪಕ್ಕದ ಹಿಮದ ರಾಶಿಗೆ ನುಗ್ಗಿ ಹೂತು ನಿಂತಿತು. ಇವರು ಸ್ವಲ್ಪವೂ ಎದೆಗುಂದಲಿಲ್ಲ. "ಇದೇನು ದೊಡ್ಡ ಮಾತಲ್ಲ ಬಿಡು" ಎಂದು ಇಳಿದು ನಾಲ್ಕೂ ಟೈರಿನ ಗಾಳಿ ಬಿಟ್ಟುಬಿಟ್ಟರು! ಮರಳುಗಾಡಿನಲ್ಲಿ ಗಾಡಿ ಹೂತರೆ ನಾವೆಲ್ಲ ಮಾಡುವುದು ಅದನ್ನೇ. ಟೈರು ಅಗಲವಾಗಿ ಮರಳಿನ ಮೇಲೆ ತೇಲುತ್ತದೆ, ಹೊರಬಂದ ಮೇಲೆ ಪಂಪಿನಿಂದ ಮತ್ತೆ ಗಾಳಿ ತುಂಬುತ್ತೇವೆ. ಇಲ್ಲಿ ಗಾಡಿ ಅಲುಗಲೂ ಇಲ್ಲ, ಪಂಪು ಕುಸೈಸಿನಲ್ಲಿತ್ತು.

ಊರವರೆಲ್ಲ ಸೇರಿದರು. ಮನೆಯ ಯಜಮಾನಿಗೆ ಇಂಗ್ಲಿಷ್ ಬರುತ್ತಿತ್ತು. ಟೈರುಗಳನ್ನು ನೋಡಿ ಹೌಹಾರಿ, ಹೀಗೇಕೆ ಮಾಡಿದಿರಿ ಎಂದು ಕೇಳಿದಳು.

"ನಮ್ಮ ಊರಿನ ಪದ್ಧತಿ" ಎಂದರು ಇವರು.

"ನಿಮ್ಮ ಊರು ಯಾವುದು?"

"ದುಬೈ."

ಆಕೆ ಅದನ್ನು ಅವರ ಭಾಷೆಯಲ್ಲಿ ಹೇಳಿದ್ದೇ ತಡ, ಅಷ್ಟೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ವರ್ಷ ಯಾರು ಕೇಳಿದರೂ ಇವರು ಧಾರವಾಡ ಎಂದೇ ಹೇಳುತ್ತಿದ್ದರು. ಬಿಟ್ಟು ಹೊರಡುವ ಹೊತ್ತಿಗೆ ದುಬೈ ಇವರ ಊರಾಗಿತ್ತು.

ಒಬ್ಬ ಟ್ರ್ಯಾಕ್ಟರ್ ತಂದು ಹಗ್ಗ ಬಿಗಿದ. ಇವರು ಸ್ಟೀರಿಂಗ್ ಹಿಡಿದು ಕೂತು, "ಏ, ವಿಡಿಯೋ ತಗಿ, ಟ್ರ್ಯಾಕ್ಟರ್ ಕಾಣಬಾರದು ನೋಡು!" ಎಂದು ಕೂಗಿದರು. ಟ್ರ್ಯಾಕ್ಟರ್ ಗುಡುಗಿತು, ಹೊಗೆ ಕಾರಿತು, ಗಾಡಿ ಮಾತ್ರ ಒಂದು ಗೇಣೂ ಕದಲಲಿಲ್ಲ. ಟ್ರ್ಯಾಕ್ಟರಿನವನು ಇಳಿದು ಬಂದು ಕಿಟಕಿಯಲ್ಲಿ ಇಣುಕಿ ನೋಡಿ, ಯಜಮಾನಿಗೆ ಏನೋ ಹೇಳಿದ. ಆಕೆ ನಗು ತಡೆದುಕೊಂಡು ನನ್ನ ಕಡೆ ತಿರುಗಿದಳು.

"ಬ್ರೇಕನ್ನು ಅಷ್ಟು ಗಟ್ಟಿಯಾಗಿ ತುಳಿಯುವುದೂ ನಿಮ್ಮ ಊರಿನ ಪದ್ಧತಿಯಾ ಎಂದು ಕೇಳುತ್ತಿದ್ದಾನೆ."