ಒಂದು ಕಲೆಗೆ ಮೂವರು ಪಾಪಿಗಳು

ನಾನು ಪಾಪಿ. ವಿನಯಕ್ಕಾಗಿ ಹೇಳುತ್ತಿಲ್ಲ. ಕಳೆದ ಶುಕ್ರವಾರದಿಂದ ಎಷ್ಟು ಬಾಯಿ ಬಡಿದುಕೊಂಡರೂ ಇದನ್ನು ಒಬ್ಬರೂ ನಂಬುತ್ತಿಲ್ಲ. ನೀವಾದರೂ ನಂಬಿ, ಪುಣ್ಯ ಬರುತ್ತದೆ.

ನನ್ನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಅಂಗಡಿಯ ಯಜಮಾನ ನಾನೆಂದು ಬೋರ್ಡಿನ ಮೇಲಿದೆ. ಸಂಸಾರದ ಯಜಮಾನ ಯಾರೆಂದು ಎಲ್ಲೂ ಬರೆದಿಲ್ಲ, ಬರೆಯುವ ಅಗತ್ಯ ಯಾರಿಗೂ ಕಂಡಿಲ್ಲ. ನನ್ನ ಹೆಂಡತಿ ಭಾನುವಾರ ಚರ್ಚಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ, ಉಳಿದ ಆರು ದಿನ ನನಗೆ. ಹೋದ ವಾರ ಅವಳ ಗಂಟಲು ಕಟ್ಟಿತು. ಐದು ದಿನ ಒಂದು ಮಾತೂ ಆಡಕೂಡದು ಎಂದು ಡಾಕ್ಟರು ಹೇಳಿದಾಗ (ದೇವರು ಕ್ಷಮಿಸಲಿ) ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳು ಮನೆಗೆ ಬಂದವಳೇ ಅಟ್ಟದಿಂದ ಮಗಳ ಹಳೆಯ ಸ್ಲೇಟು ಇಳಿಸಿದಳು. ಬಾಯಿಮಾತನ್ನಾದರೆ ಕೇಳಿಸಲಿಲ್ಲ ಎಂದು ನಟಿಸಬಹುದು. ಮೂಗಿಗೆ ತಾಗುವಂತೆ ಹಿಡಿದ ಸ್ಲೇಟನ್ನು ಕಾಣಲಿಲ್ಲ ಎನ್ನುವುದು ಹೇಗೆ?

ಬುಧವಾರ ಸ್ಲೇಟಿನ ಮೇಲೆ ರಾಜಾಜ್ಞೆ ಹೊರಟಿತು. ಈ ಭಾನುವಾರದ ಪಾಠ ನಾನು ಮಾಡಬೇಕು, ವಿಷಯ ಪಾಪ ಮತ್ತು ವಿಮೋಚನೆ, ಇವತ್ತೇ ನಮ್ಮ ಮಕ್ಕಳ ಮುಂದೆ ಅಭ್ಯಾಸ ಮಾಡಿಕೊಳ್ಳಬೇಕು, ಮರ್ಯಾದೆ ಕಳೆಯಬಾರದು. ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದು ಅವಳು ಔಷಧಿ ತರಲು ಹೋದಳು.

ಮಗಳಿಗೆ ಒಂಬತ್ತು ವರ್ಷ, ಪ್ರಶ್ನೆ ಕೇಳುವುದರಲ್ಲಿ ವಕೀಲರಿಗೆ ಅಜ್ಜಿ. ಮಗನಿಗೆ ನಾಲ್ಕು. ಲೋಕದಲ್ಲಿ ಏನು ನಡೆದರೂ 'ನಾನೇ ಮಾಡಿದ್ದು' ಎಂದು ಎದೆಯುಬ್ಬಿಸಿ ಹೇಳುವ ಸ್ವಭಾವ ಅವನದು. ಪಕ್ಕದ ಬೀದಿಯಲ್ಲಿ ಕರೆಂಟು ಹೋದರೂ ಅವನೇ ಕಾರಣ. ಇಂಥ ಶಿಷ್ಯವರ್ಗದ ಮುಂದೆ ಗಂಟಲು ಸರಿಪಡಿಸಿಕೊಂಡು ಆದಾಮನಿಂದ ಶುರು ಮಾಡಿದೆ. ಆದಾಮ ತಿಂದ ಹಣ್ಣಿಗೆ ತಾನ್ಯಾಕೆ ಪಾಪಿ, ತನಗೆ ಒಂದು ಚೂರೂ ಕೊಟ್ಟಿಲ್ಲವಲ್ಲ ಎಂದು ಮಗಳು ಕೇಳಿದಳು. ಎರಡನೇ ನಿಮಿಷಕ್ಕೇ ನನ್ನ ದೈವಜ್ಞಾನ ತಳ ಕಂಡಿತು.

ಆಗ ಒಂದು ಮಹದಾಲೋಚನೆ ಹೊಳೆಯಿತು. ನನಗೆ ಆದಾಮ ಗೊತ್ತಿಲ್ಲದಿರಬಹುದು, ಕಲೆ ಗೊತ್ತು. ಕಪಾಟಿನ ಮೇಲ್ಗಡೆ ಮಡಿಸಿಟ್ಟಿದ್ದ ಬಿಳಿ ಬಟ್ಟೆ ಎಳೆದೆ. ಯಾರೋ ಕೊಟ್ಟು ಮರೆತುಹೋದ ಚಾದರ ಎಂದುಕೊಂಡೆ. ಅದರ ನಡುಮಧ್ಯೆ ನೀಲಿ ಶಾಯಿ ಸುರಿದು, ಇದು ಪಾಪ, ಎಂದೆ. ಸೋಪು ಹಚ್ಚಿ ತಿಕ್ಕಿ, ಇದು ನಮ್ಮ ಸ್ವಂತ ಪ್ರಯತ್ನ, ನೋಡಿ ಹೋಗುವುದಿಲ್ಲ, ಎಂದೆ. ಮಕ್ಕಳು ಕಣ್ಣರಳಿಸಿದರು. ಆ ಉತ್ಸಾಹದಲ್ಲಿ ನಾನೇ ಬೆರೆಸಿ ತಯಾರಿಸಿದ, ಹೋಗದ ಕಲೆಯೇ ಇಲ್ಲವೆಂದು ಗಿರಾಕಿಗಳಿಗೆ ಹೇಳುವ ಔಷಧಿಯ ಸೀಸೆ ಬಗ್ಗಿಸಿದೆ. ತಟ್ಟೆಯಷ್ಟಿದ್ದ ನೀಲಿ ಕಲೆ ಹಸಿರಿಗೆ ತಿರುಗಿ ಪರಾತದಷ್ಟಾಯಿತು.

ಗಾಬರಿಯಲ್ಲಿ ಉಳಿದ ಪಾಠವನ್ನು ಬಾಯಲ್ಲೇ ಮುಗಿಸಿದೆ. ಒಂದು ತಪ್ಪೂ ಮಾಡದ ಒಬ್ಬಾತ ಮುಂದೆ ಬಂದು, ಇವರೆಲ್ಲರ ಶಿಕ್ಷೆ ನನಗಿರಲಿ ಎಂದು ತಾನೇ ಹೊತ್ತುಕೊಂಡ, ಅದೇ ವಿಮೋಚನೆ, ಎಂದೆ. ಮಗಳು ಒಮ್ಮೆ ಕಲೆಯನ್ನು, ಒಮ್ಮೆ ನನ್ನನ್ನು ನೋಡಿದಳು. ಇದೊಂದು ಅವಳಿಗೆ ನಾಟಿತು ಅಂತ ಕಾಣುತ್ತದೆ.

ಒಣಗಿಸೋಣವೆಂದು ಬಟ್ಟೆ ಎತ್ತಿದೆ. ಒಂದು ತೋಳು ಜೋತುಬಿತ್ತು. ಆಮೇಲೆ ಇನ್ನೊಂದು. ಚಾದರಕ್ಕೆ ತೋಳಿರುವುದಿಲ್ಲ. ಅದು ಪಾದ್ರಿಗಳ ಹೊಸ ನಿಲುವಂಗಿ. ಚರ್ಚಿನ ಬಟ್ಟೆಗಳನ್ನು ನನ್ನ ಕೈಗೆ ಕೊಡದೆ ತಾನೇ ಒಗೆದು, ತಾನೇ ಇಸ್ತ್ರಿ ಮಾಡಿ, ನನ್ನ ಕೈಗೆಟುಕದಿರಲೆಂದೇ ಮೇಲಿಡುತ್ತಾಳೆ ನನ್ನವಳು.

ಅದೇ ಹೊತ್ತಿಗೆ ಅವಳು ಬಾಗಿಲಲ್ಲಿದ್ದಳು. ಸ್ಲೇಟಿನ ಮೇಲೆ 'ಯಾರು?' ಎಂದು ಬರೆಯುವಷ್ಟರಲ್ಲಿ ಬಳಪ ಎರಡು ತುಂಡಾಯಿತು. ಮಗಳು ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಪುಣ್ಯಾತ್ಗಿತ್ತಿ.

"ನಾನು," ಎಂದಳು.

"ಇಲ್ಲ, ನಾನೇ ಮಾಡಿದ್ದು," ಎಂದ ಮಗ. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಬಾಯಿ ತೆರೆದೆ, ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ತೀರ್ಪು ಬಂದಿತ್ತು: 'ಶನಿವಾರ ದೋಣಿ ಇಲ್ಲ.' ಶನಿವಾರ ಮಕ್ಕಳ ಚಿಕ್ಕಮ್ಮ ಬಂದು ಇಬ್ಬರನ್ನೂ ಕೆರೆಗೆ ದೋಣಿಯಾನಕ್ಕೆ ಕರೆದೊಯ್ಯುವುದೆಂದು ಒಂದು ತಿಂಗಳ ಹಿಂದೆಯೇ ನಿಶ್ಚಯವಾಗಿತ್ತು. ಮಗಳು ದಿನ ಎಣಿಸುತ್ತಿದ್ದಳು. ಹೆಂಡತಿಯ ಮುಖ ನೋಡಿದೆ. ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಗುರುವಾರ ನನಗೆ ಅನ್ನ ಸೇರಲಿಲ್ಲ. ಮಗಳು ಒಂದು ಮಾತು ಜರೆಯಲಿಲ್ಲ. ಕ್ಯಾಲೆಂಡರಿನಲ್ಲಿ ಶನಿವಾರದ ಮೇಲೆ ತಾನೇ ಬಿಡಿಸಿದ್ದ ಪುಟ್ಟ ದೋಣಿಯನ್ನು ರಬ್ಬರಿನಿಂದ ಉಜ್ಜಿ ಶಾಲೆಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವತ್ತು ಯಾರದೋ ಒಂದು ಪ್ಯಾಂಟಿಗೆ ನಾಲ್ಕು ಗೆರೆ ಬರುವಂತೆ ಇಸ್ತ್ರಿ ಮಾಡಿದೆ. ಶುಕ್ರವಾರ ಒಂದು ಕಾಲರು ಸುಟ್ಟೆ. ನಾನು ಎಂಥ ಹೇಡಿ ಎಂದು ನನಗೆ ಮೊದಲೇ ಗೊತ್ತಿತ್ತು, ಆದರೆ ಒಂಬತ್ತು ವರ್ಷದ ಮಗುವಿನ ಬೆನ್ನ ಹಿಂದೆ ಅಡಗುವಷ್ಟು ಎಂದು ತಿಳಿದಿರಲಿಲ್ಲ.

ಶುಕ್ರವಾರ ಸಂಜೆ ಆದದ್ದಾಗಲಿ ಎಂದು ಹೆಂಡತಿಯ ಮುಂದೆ ನಿಂತೆ. ಮಗಳದ್ದೇನೂ ತಪ್ಪಿಲ್ಲ, ಶಾಯಿ ಸುರಿದದ್ದು ನಾನು, ಸೀಸೆ ಬಗ್ಗಿಸಿದ್ದೂ ನಾನು, ಎಂದೆ. ಅವಳು ಸ್ಲೇಟು ಕೆಳಗಿಟ್ಟಳು. ಡಾಕ್ಟರ ಮಾತನ್ನೂ ಮೀರಿ, ಒಡೆದ ದನಿಯಲ್ಲಿ ಬಾಯಿ ಬಿಟ್ಟಳು.

"ಎಂಥ ಅಪ್ಪ ರೀ ನೀವು," ಎಂದಳು. ಕಣ್ಣು ತುಂಬಿತ್ತು. "ಪಾಠ ಹೇಳೋರು ಬೇಕಾದಷ್ಟು ಜನ ಇದಾರೆ. ಹೇಳಿದ ಹಾಗೇ ನಡ್ಕೊಳ್ಳೋರು ಎಲ್ಲಿದಾರೆ?"

"ಅಯ್ಯೋ, ನಡ್ಕೊಳ್ಳೋದಲ್ಲ ಕಣೇ, ನಿಜವಾಗ್ಲೂ ನಾನೇ."

"ಸುಮ್ನಿರಿ. ಮಗಳ ತಪ್ಪು ಮೈಮೇಲೆ ಹಾಕ್ಕೊಂಡು ಸುಳ್ಳು ಹೇಳೋಕೆ ಬರಲ್ಲ ನಿಮಗೆ. ನಿಜವಾಗಿ ನೀವೇ ಮಾಡಿದ್ರೆ ಒಪ್ಕೋತಿದ್ರಾ? ಹದಿನಾರು ವರ್ಷದಿಂದ ನೋಡ್ತಿಲ್ವಾ ನಾನು?"

ಹದಿನಾರು ವರ್ಷ ಕಾದ ಹೊಗಳಿಕೆ ಬಂತು, ಬರಬಾರದ ದಿನ ಬಂತು. ಹಾಗಾದರೆ ದೋಣಿಗೆ ಕಳಿಸು ಎಂದು ಬೇಡಿದೆ. ನೀವು ಹೀಗೆ ಪ್ರತಿ ಸಲ ಹೊತ್ತುಕೊಂಡರೆ ಅವಳು ಕಲಿಯುವುದು ಯಾವಾಗ ಎಂದಳು. ಅಪ್ಪನ ಬಾಯಲ್ಲಿ ಸುಳ್ಳು ಹೇಳಿಸಿದ್ದಕ್ಕೆ ಮಗಳಿಗೆ ಮುಂದಿನ ಶನಿವಾರವೂ ಇಲ್ಲವಾಯಿತು. ನಾನು ಸತ್ಯ ಹೇಳಿ ಮಗುವಿನ ಶಿಕ್ಷೆಯನ್ನು ಇಮ್ಮಡಿ ಮಾಡಿದೆ. ಶನಿವಾರ ಚಿಕ್ಕಮ್ಮ ಬಂದು, ಮಗನನ್ನು ಮಾತ್ರ ಕರೆದುಕೊಂಡು ಹೋದಳು.

ಭಾನುವಾರ ಪಾದ್ರಿಗಳು ತೋಳು ಮೊಣಕೈಗೇ ನಿಲ್ಲುವ ಹಳೆಯ ನಿಲುವಂಗಿಯಲ್ಲಿ ಬಂದರು. ಹೆಂಡತಿ ಮೊದಲೇ ಅವರ ಕಿವಿಗೆ ಎಲ್ಲವನ್ನೂ ಹಾಕಿದ್ದಳು. ಇವತ್ತು ಮಕ್ಕಳಿಗೆ ಬೇರೆ ಪಾಠ ಬೇಡ, ಎಲ್ಲರೂ ಇಲ್ಲೇ ಕೂರಲಿ ಎಂದು ಹೇಳಿ, ನಮ್ಮ ನಡುವೆಯೇ ಒಬ್ಬ ತಂದೆಯಿದ್ದಾನೆ ಎಂದು ಪ್ರಸಂಗ ಆರಂಭಿಸಿದರು. ಇಡೀ ಸಭೆ ನನ್ನತ್ತ ತಿರುಗಿತು. ಎದ್ದು ನಿಂತೆ.

"ಪಾದ್ರಿಗಳೇ, ಆಣೆ ಮಾಡಿ ಹೇಳ್ತೀನಿ. ಅದನ್ನ ಹಾಳು ಮಾಡಿದ್ದು ನಾನೇ."

ಪಾದ್ರಿಗಳು ಒಂದು ಗಳಿಗೆ ಕಣ್ಣು ಮುಚ್ಚಿದರು. "ನೋಡಿದಿರಾ," ಎಂದರು ಮೆಲ್ಲಗೆ, "ಈಗಲೂ ಬಿಟ್ಟುಕೊಡುತ್ತಿಲ್ಲ." ಹಿಂದಿನ ಬೆಂಚುಗಳಿಂದ ಆಮೆನ್ ಎಂಬ ದನಿ ಬಂತು. ಮಗಳನ್ನು ಮಾತ್ರ ಎಲ್ಲರೂ ಒಂದು ಥರ ನೋಡಿದರು.

ಅಂಗಿಯ ತುದಿ ಯಾರೋ ಎಳೆದಂತಾಯಿತು. ಮಗಳು.

"ಕೂತ್ಕೋ ಅಪ್ಪ. ನೀನು ಹೇಳಿದಷ್ಟೂ ನಂಗೇ ಜಾಸ್ತಿ ಆಗತ್ತೆ."

ಕೂತೆ. ಅವಳ ಕಿವಿಯ ಹತ್ತಿರ ಬಾಗಿ, ತಪ್ಪಾಯ್ತು ಮಗಳೇ, ಕ್ಷಮಿಸ್ತೀಯಾ, ಎಂದು ಕೇಳಿದೆ.

"ಬುಧವಾರನೇ ಕ್ಷಮಿಸಿದೀನಿ," ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಗಾಬರಿಯಾಗಿ ಸುತ್ತ ನೋಡಿದಳು. "ಅಳ್ಬೇಡ ಅಪ್ಪ, ದಮ್ಮಯ್ಯ. ನೋಡಿದ್ರೆ ನಿನ್ನ ಇನ್ನೂ ಒಳ್ಳೆಯವನು ಅಂದ್ಕೋತಾರೆ."

ಅಷ್ಟರಲ್ಲಿ ಎಲ್ಲರೂ ನೋಡಿಬಿಟ್ಟಿದ್ದರು.