ಸರದಿ ಸರದಾರನ ದಿಗ್ವಿಜಯ

ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ಬಡಿಸದೆ ಬಹಳ ದಿನಗಳಾಗಿದ್ದವು. ಅಲ್ಲಿ ನನ್ನ ಕಂಪ್ಯೂಟರು, ಎಡಕ್ಕೊಂದು ಮಾನಿಟರು, ಬಲಕ್ಕೊಂದು ಮಾನಿಟರು, ನಡುವೆ ಸಾಕ್ಷಾತ್ ನಾನು. ಹೆಂಡತಿ, ಮಗಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತು ನನ್ನ ಬೆನ್ನನ್ನೇ ನೋಡುತ್ತ ಉಣ್ಣುತ್ತಿದ್ದರು. ಒಬ್ಬ ಸೃಷ್ಟಿಕರ್ತನ ಬೆನ್ನಿಗೆ ಸಲ್ಲಬೇಕಾದ ಗೌರವ ಆ ನೋಟದಲ್ಲಿ ಇರಲಿಲ್ಲ.

ನಾನು ಸೃಷ್ಟಿಸುತ್ತಿದ್ದದ್ದು ಮನೆಗೆಲಸವನ್ನು ಮನೆಮಂದಿಗೆಲ್ಲ ಸಮನಾಗಿ ಹಂಚುವ ಆ್ಯಪ್. ಬೆಳಗಾದರೆ ಸಾಕು, ಪಾತ್ರೆ ಯಾರು ತೊಳೆಯಬೇಕು, ನೆಲ ಯಾರು ಒರೆಸಬೇಕು ಎಂದು ಎಲ್ಲರ ಫೋನಿಗೂ ಅಪ್ಪಣೆ ಹೊರಡುತ್ತದೆ. ಇದಕ್ಕಾಗಿ ಆಫೀಸಿಗೆ ಸಂಬಳವಿಲ್ಲದ ರಜೆ ಹಾಕಿದ್ದೆ. (‘ಸಂಬಳವಿಲ್ಲದ’ ಎಂಬ ಭಾಗವನ್ನು ಹೆಂಡತಿಗೆ ಸ್ವಲ್ಪ ತಡವಾಗಿ ಹೇಳಿದೆ.)

"ರೀ, ರಜೆ ಮುಗಿಯೋದ್ರೊಳಗೆ ಒಬ್ಬರಾದ್ರೂ ಕಾಸು ಕೊಟ್ಟು ಇದನ್ನ ತಗೋಬೇಕು. ಇಲ್ಲಾಂದ್ರೆ ಮೇಜು ಖಾಲಿ ಮಾಡಿ ತೆಪ್ಪಗೆ ಆಫೀಸಿಗೆ ಹೋಗ್ತೀರಿ" ಎಂದಳು.

"ಕಲೆಗೆ ಗಡುವು ಹಾಕಬಾರದು ಕಣೇ."

"ನನ್ನ ಸೊಂಟಕ್ಕೂ ಗಡುವಿದೆ. ಸೋಫಾದಲ್ಲಿ ಬಗ್ಗಿ ಬಗ್ಗಿ ಉಂಡು ಹಿಡ್ಕೊಂಡುಬಿಟ್ಟಿದೆ."

ಆಪದ್ಬಾಂಧವನಾಗಿ ಬಂದವನು ಬಾಮೈದ. ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್. ಹಾಸಿಗೆಯ ಮೇಲೆ ಸುಮ್ಮನೆ ಕೂತು ನೋಡಿದವರು ಏಳುವಷ್ಟರಲ್ಲಿ ಬಿಲ್ ಮಾಡಿ ಕೈಗಿಡುವ ಆಸಾಮಿ. ಅವನಿಗೆ ನನ್ನ ಕೋಡಿನ ಒಳಗುಟ್ಟನ್ನೆಲ್ಲ ಬಿಡಿಸಿ ಹೇಳಿದೆ. ಅವನು ಬಾಯಿ ತುಂಬ ಆಕಳಿಸಿದ.

"ಭಾವ, ನಾನು ಹಾಸಿಗೆ ಮಾರುವಾಗ ಒಳಗಿನ ಸ್ಪ್ರಿಂಗ್ ವಿಚಾರ ಎತ್ತೋದೇ ಇಲ್ಲ. ಬೆನ್ನುನೋವು ಹೋಗುತ್ತೆ ಅಂತೀನಿ ಅಷ್ಟೇ. ಇದರಿಂದ ಯಾರ ನೋವು ಹೋಗುತ್ತೆ, ಅದನ್ನ ಹೇಳಿ."

"ಮನೇಲಿ ಜಗಳ ಹೋಗುತ್ತೆ."

"ಹಾಗನ್ನಿ ಮತ್ತೆ!" ಎಂದವನೇ ಆ್ಯಪಿಗೆ ‘ಸರದಿ ಸರದಾರ’ ಎಂದು ನಾಮಕರಣ ಮಾಡಿದ. ನನ್ನ ಗಂಭೀರವಾದ ಬೂದು ಬಣ್ಣ ತೆಗೆಸಿ ಹಳದಿ ಬಳಿಸಿದ. ನಾನು ಹೆತ್ತು ಹೊತ್ತು ಸಾಕಿದ ಬಟನ್ನುಗಳಲ್ಲಿ ಮುಕ್ಕಾಲು ಪಾಲನ್ನು, ಯಾರಿಗೂ ಅರ್ಥವಾಗಲ್ಲ ಎಂದು ಕಿತ್ತು ಹಾಕಿಸಿದ. ಹೊಟ್ಟೆ ಉರಿದುಹೋಯಿತು.

ಇಲ್ಲಿ ಓದುಗರ ಕಿವಿಯಲ್ಲಿ ಒಂದು ಮಾತು. ಮೊದಲು ನಮ್ಮ ಮನೆಯಲ್ಲೇ ಆ್ಯಪಿನ ಪರೀಕ್ಷೆ ನಡೆಯುತ್ತಿತ್ತಲ್ಲ, ನನಗೇ ಪಾತ್ರೆಯ ಸರದಿ ಬಂದರೆ ಒದ್ದೆ ಕೈಯಲ್ಲಿ ಕೀಬೋರ್ಡ್ ಮುಟ್ಟುವುದು ಹೇಗೆ? ಆದ್ದರಿಂದ, ಮನೆಯಲ್ಲಿ ಆ್ಯಪನ್ನು ಮೊದಲು ಹಾಕಿಕೊಂಡವರಿಗೆ ಹಗುರವಾದ ಕೆಲಸಗಳೇ ಹೋಗಲಿ ಎಂದು ಒಂದೇ ಒಂದು ಸಾಲು ಬರೆದಿದ್ದೆ. ಎಣಿಕೆಯಲ್ಲಿ ಎಳ್ಳಷ್ಟೂ ಅನ್ಯಾಯವಿಲ್ಲ. ಹೆಂಡತಿಗೆ ಪಾತ್ರೆ, ನೆಲ, ಬಚ್ಚಲು. ಮಗಳಿಗೆ ಬಟ್ಟೆ, ಕಸ, ಧೂಳು. ನನಗೆ ಕಿಟಕಿಯ ಪರದೆ ಸರಿಸುವುದು, ಕ್ಯಾಲೆಂಡರಿನ ಹಾಳೆ ಮಗುಚುವುದು, ಗಡಿಯಾರ ನಡೆಯುತ್ತಿದೆಯೇ ಎಂದು ವಿಚಾರಿಸುವುದು. ಎಲ್ಲರಿಗೂ ಮೂರು ಮೂರು! ಆ ಸಾಲನ್ನು ಆಮೇಲೆ ತೆಗೆದರಾಯಿತು ಅಂದುಕೊಂಡಿದ್ದೆ. (ನಮ್ಮ ಕಸುಬಿನಲ್ಲಿ ‘ಆಮೇಲೆ’ ಎಂಬುದು ಯಾವ ವಾರದಲ್ಲೂ ಬರುವುದಿಲ್ಲ.)

"ಅಲ್ಲಾ ರೀ, ದಿನಾ ನಿಮಗೇ ಪರದೆ ಬರುತ್ತಲ್ಲ?"

"ಅದೃಷ್ಟ ಕಣೇ. ಯಂತ್ರಕ್ಕೆ ಪಕ್ಷಪಾತ ಗೊತ್ತಿಲ್ಲ."

ಮೊದಲ ಗಿರಾಕಿ ಎದುರು ಕಟ್ಟಡದ ಹಲ್ಲಿನ ಡಾಕ್ಟರು. ಕಾಸು ಕೊಟ್ಟೇ ತಗೊಂಡರು! ಕೆಲವು ದಿನ ಬಿಟ್ಟು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಮನೇಲಿ ಇಷ್ಟೊಂದು ನ್ಯಾಯ ಇರೋಕೆ ಸಾಧ್ಯ ಅಂತ ಗೊತ್ತೇ ಇರಲಿಲ್ಲ ರೀ!" ಅವರು ಮೇಲಿನ ಮನೆಯ ವಕೀಲರಿಗೆ ಹೇಳಿದರು, ವಕೀಲರು ಪಕ್ಕದ ಮನೆಯ ಬ್ಯಾಂಕಿನವರಿಗೆ ಹೇಳಿದರು. ನೋಡನೋಡುತ್ತ ಇಡೀ ಕಟ್ಟಡದ ಗಂಡಸರು ಮುಗಿಬಿದ್ದರು. ಇದು ಹಳದಿ ಬಣ್ಣದ ಮಹಿಮೆ ಎಂದು ಬಾಮೈದ, ನನ್ನ ಕೋಡಿನ ಮಹಿಮೆ ಎಂದು ನಾನು. ಇದೇ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟೆವು.

ಭಾನುವಾರ ಬೆಳಿಗ್ಗೆ ಹೆಂಡತಿ ಬಾಲ್ಕನಿಯಿಂದ ಕರೆದಳು. "ಸ್ವಲ್ಪ ಬನ್ನಿ ಇಲ್ಲಿ." ದನಿ ತೀರಾ ಮೆತ್ತಗಿತ್ತು. ಕೀಬೋರ್ಡ್ ಬಿಟ್ಟು ಓಡಿದೆ.

ಎದುರು ಕಟ್ಟಡದ ಪ್ರತಿಯೊಂದು ಕಿಟಕಿಯಲ್ಲೂ ಒಬ್ಬೊಬ್ಬ ಗಂಡಸು ಬನಿಯನ್ ಹಾಕಿಕೊಂಡು ರಾಜಗಾಂಭೀರ್ಯದಿಂದ ಪರದೆ ಸರಿಸುತ್ತಿದ್ದ. ಒಬ್ಬರಿಗೊಬ್ಬರು ಕೈಬೀಸಿ ಕುಶಲ ವಿಚಾರಿಸಿಕೊಳ್ಳುತ್ತಿದ್ದರು. ಹಲ್ಲಿನ ಡಾಕ್ಟರು ನನ್ನನ್ನು ಕಂಡು ಸಲ್ಯೂಟ್ ಹೊಡೆದರು. ಅವರ ಹಿಂದೆ ಅವರ ಹೆಂಡತಿ ಬಕೆಟ್ ಎಳೆಯುತ್ತಿದ್ದರು.

"ಇಡೀ ಕಟ್ಟಡದ ಗಂಡಸರಿಗೆ ಒಟ್ಟಿಗೇ ಅದೃಷ್ಟ ಖುಲಾಯಿಸಿದೆಯಲ್ಲ?" ಎಂದಳು ಹೆಂಡತಿ.

ನಾನು ತಡಬಡಾಯಿಸಿದೆ, ಕೆಮ್ಮಿದೆ, ಕೊನೆಗೆ ಬಾಯಿಬಿಟ್ಟೆ. "ಒಂದೇ ಸಾಲು ಕಣೇ, ಈಗಲೇ ಅಳಿಸ್ತೀನಿ!"

"ಅಳಿಸ್ಬೇಡಿ ಭಾವ!" ಮಾತು ಬಿಟ್ಟಿದ್ದ ಬಾಮೈದ ಒಳಗಿನಿಂದ ಚೀರಿದ. "ಜನ ದುಡ್ಡು ಕೊಟ್ಟಿರೋದೇ ಆ ಸಾಲಿಗೆ!"

ಈ ಮಾತು ನನಗೆ ಹೆಂಡತಿಯ ಕೋಪಕ್ಕಿಂತ ಹೆಚ್ಚು ನಾಟಿತು. ನಿದ್ದೆಗೆಟ್ಟು ಬರೆದ ಅಷ್ಟೂ ಸಾಲುಗಳನ್ನು ಬಿಟ್ಟು, ನಾಚಿಕೆಪಟ್ಟುಕೊಂಡು ಬರೆದ ಒಂದೇ ಸಾಲಿಗೆ ಗಿರಾಕಿ!

"ಅವನು ಹೇಳೋದು ಸರಿ. ಅಳಿಸೋದು ಬೇಡ" ಎಂದಳು ಹೆಂಡತಿ. ಇವಳಿಗೂ ವ್ಯಾಪಾರದ ಬುದ್ಧಿ ಬಂತಲ್ಲ ಎಂದು ನಾನು ಹಿಗ್ಗಿದೆ.

ಮಧ್ಯಾಹ್ನ ಎದುರು ಕಟ್ಟಡದ ಹೆಂಗಸರೆಲ್ಲ ನಮ್ಮ ಊಟದ ಮೇಜಿನ ಸುತ್ತ ಸಭೆ ಸೇರಿದ್ದರು. ನನ್ನ ಕಂಪ್ಯೂಟರು ಚಪ್ಪಲಿ ಸ್ಟ್ಯಾಂಡಿನ ಮೇಲಿತ್ತು. ಎಲ್ಲ ಮನೆಗಳಲ್ಲೂ ಆ್ಯಪ್ ಕಿತ್ತು ಹೊಸದಾಗಿ ಹಾಕಿಸಲಾಯಿತು. ಈ ಸಲ ಮೊದಲು ಹಾಕಿಕೊಂಡವರು ಹೆಂಗಸರು. ಮರುದಿನದಿಂದ ಪರದೆಗಳು ಅವರ ಪಾಲಾದವು, ಪಾತ್ರೆ, ನೆಲ, ಬಚ್ಚಲು ನಮ್ಮ ಪಾಲಾದವು. ವ್ಯಾಪಾರ ಎಷ್ಟು ಕುದುರಿತೆಂದರೆ ಬಾಮೈದ ಹಾಸಿಗೆ ಅಂಗಡಿಗೇ ರಜೆ ಹಾಕಿದ. ಹೊಸ ಗಿರಾಕಿಗಳದ್ದು ಒಂದೇ ಕರಾರು: ಆ್ಯಪ್ ಕೆಲಸ ಮಾಡುವುದನ್ನು, ಅಂದರೆ ನಾನು ಕೆಲಸ ಮಾಡುವುದನ್ನು, ಕಣ್ಣಾರೆ ನೋಡಬೇಕು.

ನಿನ್ನೆ ಹಿಂದಿನ ಬೀದಿಯ ಹೆಂಗಸರು ನಮ್ಮ ಅಡುಗೆಮನೆಗೆ ಬಂದಿದ್ದರು. ನಾನು ತಳ ಹಿಡಿದ ಬಾಣಲೆ ಉಜ್ಜುತ್ತಿದ್ದೆ. ಒಬ್ಬಾಕೆ ಬಾಣಲೆಯ ಅಂಚಿಗೆ ಬೆರಳಾಡಿಸಿ ನೋಡಿದರು.

"ಪರವಾಗಿಲ್ವೇ, ಚೆನ್ನಾಗಿ ತೊಳೀತಾರೆ. ಆ್ಯಪ್ ಜೊತೆ ಇವರೂ ಬರ್ತಾರಾ?"

"ಇಲ್ಲಾ ರೀ, ಇದು ಡೆಮೋ ಪೀಸು" ಎಂದಳು ಹೆಂಡತಿ. ಎಷ್ಟಾದರೂ ಕೈಹಿಡಿದವಳು, ಬಿಟ್ಟುಕೊಡಲಿಲ್ಲವಲ್ಲ ಎಂದು ನನ್ನ ಕಣ್ಣು ತುಂಬಿ ಬಂತು.

"ಯೋಚನೆ ಮಾಡ್ಬೇಡಿ ಮೇಡಂ" ಎಂದ ಬಾಮೈದ. "ಸೀಸನ್ ಮುಗಿದ ಮೇಲೆ ಡೆಮೋ ಪೀಸನ್ನ ಅರ್ಧ ಬೆಲೆಗೆ ಕೊಟ್ಟುಬಿಡ್ತೀವಿ."